ರೋಗಾಣು ಕಂಡಾಗ ರಕ್ಷಣಾ ಕೋಶಗಳು ಇಂಧನ ಬದಲಿಸುವುದು ಹೇಗೆ?

ದೇಹಕ್ಕೆ ರೋಗಾಣು ಹೊಕ್ಕಾಗ ರೋಗನಿರೋಧಕ ಕೋಶಗಳು ಹೋರಾಟಕ್ಕೆ ಇಳಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಮುನ್ನ ಅವು ಶಕ್ತಿ ತಯಾರಿಸುವ ವಿಧಾನವನ್ನೇ ಬದಲಿಸಿಕೊಳ್ಳುತ್ತವೆ ಎಂಬುದು ಅಷ್ಟಾಗಿ ತಿಳಿದಿಲ್ಲ.

ನಿಧಾನದ ಒಲೆ, ವೇಗದ ಒಲೆ

ಸುಮ್ಮನಿರುವ ಟಿ ಕೋಶ ಮಿತವ್ಯಯಿ. ಆಮ್ಲಜನಕ ಬಳಸಿ, ಮೈಟೋಕಾಂಡ್ರಿಯಾದ ನೆರವಿನಿಂದ, ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಪಡೆಯುತ್ತದೆ. ಎಟಿಪಿ ಅಂದರೆ ಕೋಶದ ಚಿಲ್ಲರೆ ಹಣ ಇದ್ದ ಹಾಗೆ. ರೋಗಾಣುವಿನ ಗುರುತು ಸಿಕ್ಕ ಕೂಡಲೇ ಅದು ಗ್ಲೈಕಾಲಿಸಿಸ್ ಎಂಬ ಅಡ್ಡದಾರಿ ಹಿಡಿಯುತ್ತದೆ. ಇದರಲ್ಲಿ ಸಿಗುವುದು ಬರೀ 2 ಎಟಿಪಿ.

ನಷ್ಟ ಅಲ್ವಾ? ಅಲ್ಲ. ಈ ದಾರಿ ಬಹಳ ವೇಗದ್ದು. ಜೊತೆಗೆ ಹೊಸ ಕೋಶ ಕಟ್ಟಲು ಬೇಕಾದ ಕಚ್ಚಾ ವಸ್ತುವೂ ಇಲ್ಲೇ ಸಿಗುತ್ತದೆ. 1920ರ ದಶಕದಲ್ಲಿ ಒಟ್ಟೋ ವಾರ್ಬರ್ಗ್ ಕ್ಯಾನ್ಸರ್ ಕೋಶಗಳಲ್ಲಿ ಕಂಡದ್ದೂ ಇಂಥದ್ದೇ ಬದಲಾವಣೆ. ಸೋಂಕು ಇಳಿದ ಮೇಲೆ ಉಳಿಯುವ ನೆನಪಿನ ಕೋಶಗಳು ಮತ್ತೆ ನಿಧಾನದ ಒಲೆಗೆ ಮರಳುತ್ತವೆ.

ಕ್ಷಯ ಮತ್ತು ಅನಂತಪುರ

ಕ್ಷಯರೋಗದಲ್ಲಿ ಈ ಬದಲಾವಣೆ ಬಹಳ ಮುಖ್ಯ. ಶ್ವಾಸಕೋಶದ ಭಕ್ಷಕ ಕೋಶಗಳಲ್ಲಿ ಗ್ಲೈಕಾಲಿಸಿಸ್ ತಡೆದರೆ ಕ್ಷಯಾಣುವನ್ನು ಹತೋಟಿಯಲ್ಲಿಡುವ ಶಕ್ತಿ ಕುಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮಗು ಹುಟ್ಟಿದಾಗ ಹಾಕಿಸುವ ಬಿಸಿಜಿ ಲಸಿಕೆಯೂ ರಕ್ತದ ಮಾನೋಸೈಟ್ ಕೋಶಗಳನ್ನು ಇದೇ ದಾರಿಗೆ ಪಳಗಿಸುತ್ತದೆ. ನೆದರ್ಲೆಂಡ್ಸ್‌ನ ಮಿಹಾಯ್ ನೆಟಿಯ ಅವರ ತಂಡ 2016ರಲ್ಲಿ ಇದನ್ನು ವಿವರಿಸಿತು.

ಕನ್ನಡಿಗರು ಹೆಚ್ಚಿರುವ ಗಡಿಯ ರಾಯದುರ್ಗ, ಮಡಕಶಿರಗಳಿಗೂ ಕ್ಷಯದ ಹೋರಾಟಕ್ಕೂ ಹಳೆಯ ನಂಟಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ಜಿಲ್ಲಾ ಕ್ಷಯ ನಿಯಂತ್ರಣ ಕಾರ್ಯಕ್ರಮ ಮೊದಲು ಜಾರಿಗೆ ಬಂದದ್ದು 1961ರಲ್ಲಿ, ಈ ಎರಡೂ ಊರುಗಳಿದ್ದ ಅನಂತಪುರ ಜಿಲ್ಲೆಯಲ್ಲಿ. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ನಮಗೆ ಏನು ಪಾಠ?

ಕೋಶಗಳ ಒಲೆ ಉರಿಯಲು ಊಟ ಬೇಕು. ಭಾರತದಲ್ಲಿ ಕ್ಷಯ ಹರಡಲು ಅಪೌಷ್ಟಿಕತೆ ದೊಡ್ಡ ಕಾರಣ. ಅದಕ್ಕೇ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗೆ ಕೊಡುವ ತಿಂಗಳ ನೆರವನ್ನು 2024ರ ನವೆಂಬರ್‌ನಿಂದ 500 ರೂಪಾಯಿಯಿಂದ 1,000ಕ್ಕೆ ಏರಿಸಲಾಗಿದೆ.

ಹಾಗಂತ ಸಕ್ಕರೆ ತಿಂದರೆ ರೋಗನಿರೋಧಕ ಶಕ್ತಿ ಹೆಚ್ಚುವುದಿಲ್ಲ. ಮಧುಮೇಹ ಇರುವವರಿಗೆ ಕ್ಷಯದ ಅಪಾಯ ಎರಡರಿಂದ ಮೂರು ಪಟ್ಟು ಹೆಚ್ಚು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಕಂಡರೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಬಹುದು. ಮದ್ದು ಶುರುವಾದರೆ ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ 6 ತಿಂಗಳು, ಬಿಡದೆ ಮುಗಿಸಲೇಬೇಕು.