ತಿದ್ದುವ ಪಠ್ಯದಲ್ಲಿ ಟಿಪ್ಪಣಿಯ ನೆಲೆ

ಗಣಕದಲ್ಲಿರುವ ಬರಹದ ಒಂದು ಪದ, ವಾಕ್ಯ ಅಥವಾ ಭಾಗವನ್ನು ಕುರಿತು, ಮೂಲವನ್ನು ಬದಲಿಸದೆ ಪಕ್ಕದಲ್ಲಿ ಬರೆದಿಡುವ ಮಾತನ್ನು ಡಿಜಿಟಲ್ ಟಿಪ್ಪಣಿ ಎನ್ನುತ್ತಾರೆ. ವರ್ಡ್ ಕಡತದ ಅಂಚಿನಲ್ಲಿ ಕಾಣುವ ಕಾಮೆಂಟ್, ಇ-ಪುಸ್ತಕದಲ್ಲಿ ಬಣ್ಣ ಹಚ್ಚಿ ಬರೆದ ಷರಾ, ಕರಡು ತಿದ್ದುವವರು ಲೇಖಕರಿಗೆ ಕೇಳಿದ ಪ್ರಶ್ನೆ ಇವೆಲ್ಲ ಇದರಲ್ಲಿ ಸೇರುತ್ತವೆ. ಟಿಪ್ಪಣಿಗೆ ಎರಡು ಅಂಗಗಳಿವೆ. ಹೇಳಿದ ಮಾತು ಒಂದು. ಆ ಮಾತು ಬರಹದ ಯಾವ ಭಾಗಕ್ಕೆ ಸಂಬಂಧಿಸಿದ್ದು ಎಂಬ ಗುರುತು ಇನ್ನೊಂದು. ಈ ಗುರುತನ್ನು ಗಣಕ ತಜ್ಞರು ಆಂಕರ್ ಎಂದು ಕರೆಯುತ್ತಾರೆ. ಇಲ್ಲಿ ಅದಕ್ಕೆ ನೆಲೆ ಎಂಬ ಪದವನ್ನು ಬಳಸಲಾಗಿದೆ.

ಕಾಗದದ ಅಂಚಿನಲ್ಲಿ ಬರೆದ ಷರಾ, ಕಾಗದ ಇರುವವರೆಗೂ ತನ್ನ ಸಾಲಿನ ಪಕ್ಕದಲ್ಲೇ ಇರುತ್ತದೆ. ಗಣಕದ ಬರಹಕ್ಕೆ ಅಂಥ ಸ್ಥಿರತೆ ಇಲ್ಲ. ಸಾಲುಗಳು ಜರುಗುತ್ತವೆ, ಪದಗಳು ಬದಲಾಗುತ್ತವೆ, ಇಡೀ ಪರಿಚ್ಛೇದ ಬೇರೆ ಅಧ್ಯಾಯಕ್ಕೆ ಹೋಗುತ್ತದೆ. ಹೀಗೆ ಬದಲಾದ ಮೇಲೂ ಟಿಪ್ಪಣಿಯನ್ನು ಅದು ಸೇರಬೇಕಾದ ಜಾಗದಲ್ಲಿ ಉಳಿಸುವುದು ಗಣಕ ವಿಜ್ಞಾನದ ಒಂದು ಸೂಕ್ಷ್ಮ ಸಮಸ್ಯೆ. ಟಿಪ್ಪಣಿ ಬರೆಯುವವರು ಅರ್ಥವನ್ನು ನೋಡಿ ಬರೆಯುತ್ತಾರೆ. ಗಣಕ ಅದನ್ನು ಅಕ್ಷರಗಳ ಆಧಾರದ ಮೇಲೆ ಹಿಡಿದಿಡಬೇಕಾಗುತ್ತದೆ. ಈ ಕ್ಷೇತ್ರದ ಎಲ್ಲ ತೊಡಕುಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಎಣಿಕೆಯ ಕ್ರಮ

ನೆಲೆಯನ್ನು ಗುರುತಿಸುವ ಅತಿ ಸರಳ ಕ್ರಮ ಎಣಿಕೆ. ಸ್ಥಳೀಯ ಇತಿಹಾಸದ ಒಂದು ಕರಡಿನಲ್ಲಿ “ಕೆರೆಯ ಏರಿ ಒಡೆದು ನೀರು ಊರಿಗೆ ನುಗ್ಗಿತು” ಎಂಬ ವಾಕ್ಯವಿದೆ ಎಂದುಕೊಳ್ಳೋಣ. ಅದರಲ್ಲಿ “ಏರಿ ಒಡೆದು” ಎಂಬ ಭಾಗಕ್ಕೆ ಸಂಪಾದಕರು “ಇದು ಯಾವ ವರ್ಷ?” ಎಂಬ ಟಿಪ್ಪಣಿ ಹಾಕಿದ್ದಾರೆ. ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಸಂಕೇತಗಳಿವೆ. ಹಾಗಾಗಿ “ಕೆರೆಯ” ಎಂಬುದು ಓದುವವರಿಗೆ 3 ಅಕ್ಷರ, ಗಣಕಕ್ಕೆ 5 ಸಂಕೇತ. ಅದರ ಮುಂದಿನ ಖಾಲಿ ಜಾಗವೂ ಒಂದು ಸಂಕೇತವೇ. ಟಿಪ್ಪಣಿಯ ನೆಲೆ “ಮೊದಲ 6 ಸಂಕೇತ ಬಿಟ್ಟು ಮುಂದಿನ 9” ಎಂದು ದಾಖಲಾಗುತ್ತದೆ.

ಲೇಖಕರು ಆಮೇಲೆ ವಾಕ್ಯದ ಆರಂಭಕ್ಕೆ “ಹಳೆಯ” ಎಂದು ಸೇರಿಸುತ್ತಾರೆ. ಖಾಲಿ ಜಾಗವೂ ಸೇರಿ 5 ಹೊಸ ಸಂಕೇತಗಳು ಬಂದವು. ದಾಖಲೆ ಹಾಗೆಯೇ ಉಳಿದರೆ ಟಿಪ್ಪಣಿಯ ವ್ಯಾಪ್ತಿ ಈಗ “ಕೆ” ಅಕ್ಷರದ ನಡುವೆ, ಕಕಾರವನ್ನು ಬಿಟ್ಟು ಎತ್ವದಿಂದ ಆರಂಭವಾಗುತ್ತದೆ. “ಏರಿ” ಮುಗಿದ ಕೂಡಲೇ ನಿಂತುಹೋಗುತ್ತದೆ. “ಒಡೆದು” ಎಂಬ ಪದ ವ್ಯಾಪ್ತಿಯಿಂದಲೇ ಹೊರಗುಳಿಯುತ್ತದೆ. ಯಾರೂ ಮುಟ್ಟದ ಪದಗಳಿಂದ ಟಿಪ್ಪಣಿ ಹೀಗೆ ಜಾರಿಬಿಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಜಾರಿದ ಟಿಪ್ಪಣಿ ತಾನು ಜಾರಿದ್ದೇನೆಂದು ಹೇಳುವುದಿಲ್ಲ.

ಪಠ್ಯದೊಳಗೆ ನೆಟ್ಟ ಗುರುತು

ತಿದ್ದುವ ತಂತ್ರಾಂಶದ ಒಳಗೇ ಟಿಪ್ಪಣಿ ಇದ್ದರೆ ಈ ಸಮಸ್ಯೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಪ್ರತಿ ತಿದ್ದುಪಡಿಯನ್ನೂ ತಂತ್ರಾಂಶ ಕಣ್ಣಾರೆ ಕಾಣುತ್ತದೆ: ಟಿಪ್ಪಣಿಗೆ ಮೊದಲು 5 ಸಂಕೇತ ಸೇರಿದರೆ ನೆಲೆಯನ್ನೂ 5 ಸಂಕೇತ ಮುಂದಕ್ಕೆ ಸರಿಸಬಹುದು. ಇದಕ್ಕಿಂತ ನೇರವಾದ ದಾರಿ, ಗುರುತನ್ನು ಪಠ್ಯದೊಳಗೇ ನೆಡುವುದು. ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ ಕಡತ ವಾಸ್ತವದಲ್ಲಿ ಹಲವು ಸಣ್ಣ ಕಡತಗಳನ್ನು ಅಡಕಿ ಮಾಡಿದ ಒಂದು ಜಿಪ್ ಗಂಟು. ಅದನ್ನು ಬಿಚ್ಚಿದರೆ ಮುಖ್ಯ ಬರಹ ಒಂದು ಕಡತದಲ್ಲಿ, ಕಾಮೆಂಟುಗಳ ಮಾತು ಇನ್ನೊಂದರಲ್ಲಿ ಸಿಗುತ್ತದೆ. ಮುಖ್ಯ ಬರಹದಲ್ಲಿ ಪ್ರತಿ ಕಾಮೆಂಟಿನ ಆರಂಭಕ್ಕೂ ಅಂತ್ಯಕ್ಕೂ ಕಣ್ಣಿಗೆ ಕಾಣದ ಗುರುತುಗಳಿದ್ದು, ಒಂದು ಕ್ರಮಸಂಖ್ಯೆ ಎರಡು ಕಡತಗಳನ್ನೂ ಬೆಸೆಯುತ್ತದೆ. ಪದಗಳು ಸರಿದಾಗ ಗುರುತುಗಳೂ ಅವುಗಳ ಜೊತೆಗೇ ಸರಿಯುತ್ತವೆ.

ಆದರೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಟಿಪ್ಪಣಿಯ ಗಡಿಯಲ್ಲೇ ನಿಂತು ಯಾರಾದರೂ ಹೊಸ ಪದ ಬರೆದರೆ ಅದು ಒಳಗೋ ಹೊರಗೋ? ಇದಕ್ಕೆ ತರ್ಕದಿಂದ ಸಿಗುವ ಉತ್ತರವಿಲ್ಲ. ಪ್ರತಿ ತಂತ್ರಾಂಶವೂ ಒಂದು ನಿಯಮವನ್ನು ಆರಿಸಿಕೊಳ್ಳಬೇಕು. ಗುರುತಿನ ನಡುವಿನ ಪದಗಳೆಲ್ಲ ಅಳಿಸಿಹೋದರೆ ಏನಾಗಬೇಕು ಎಂಬುದೂ ಅಂಥದ್ದೇ ಪ್ರಶ್ನೆ.

ಬದಲಾಗದ ಸಂಖ್ಯೆ

ಒಂದೇ ಬರಹವನ್ನು ಹಲವರು ಹಲವು ಊರುಗಳಿಂದ ಏಕಕಾಲಕ್ಕೆ ತಿದ್ದುವಾಗ ತೊಡಕು ಹೆಚ್ಚುತ್ತದೆ. ಒಬ್ಬರ ತಿದ್ದುಪಡಿ ಇನ್ನೊಬ್ಬರನ್ನು ತಲುಪುವ ಮೊದಲೇ ಅವರೂ ತಿದ್ದಿರುತ್ತಾರೆ. ಇದಕ್ಕೆ 1989ರಲ್ಲಿ ಎಲಿಸ್ ಮತ್ತು ಗಿಬ್ಸ್ ಎಂಬ ಸಂಶೋಧಕರು ಒಂದು ಮಾರ್ಗ ತೋರಿಸಿದರು. ಬಂದ ಪ್ರತಿ ತಿದ್ದುಪಡಿಯ ಸ್ಥಾನವನ್ನು, ಅಷ್ಟರಲ್ಲಿ ನಡೆದಿರುವ ಇತರ ತಿದ್ದುಪಡಿಗಳಿಗೆ ಅನುಗುಣವಾಗಿ ಲೆಕ್ಕಹಾಕಿ ಬದಲಿಸುವುದು ಅದರ ತಿರುಳು. ಗೂಗಲ್ ಡಾಕ್ಸ್ ಇದೇ ಮಾರ್ಗದಲ್ಲಿ ಬೆಳೆದ ವ್ಯವಸ್ಥೆ.

ಎರಡನೆಯ ಮಾರ್ಗದಲ್ಲಿ ಎಣಿಕೆಯನ್ನೇ ಕೈಬಿಡಲಾಗುತ್ತದೆ. ಅದರ ತತ್ತ್ವವನ್ನು ಭಾರತದ ಸಂವಿಧಾನದ ಮುದ್ರಿತ ಪ್ರತಿಯಲ್ಲೇ ಕಾಣಬಹುದು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ವಿಧಿಯನ್ನು 2012ರ 98ನೇ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿಸಿದಾಗ ಅದಕ್ಕೆ 372 ಎಂಬ ಸಂಖ್ಯೆ ಕೊಟ್ಟು ಮುಂದಿನವನ್ನೆಲ್ಲ ಒಂದೊಂದು ಹೆಜ್ಜೆ ತಳ್ಳಲಿಲ್ಲ. ಹೊಸದಕ್ಕೆ 371ಜೆ ಎಂದು ಹೆಸರಿಟ್ಟು, 372ನ್ನು ಹಾಗೆಯೇ ಉಳಿಸಿದರು. ಆಸ್ತಿಯ ಹಕ್ಕಿಗೆ ಸಂಬಂಧಿಸಿದ 31ನೇ ವಿಧಿಯನ್ನು 1978ರ 44ನೇ ತಿದ್ದುಪಡಿ ಕಾಯ್ದೆ ತೆಗೆದುಹಾಕಿತು; ಆ ಸಂಖ್ಯೆಯನ್ನು ಬೇರೆ ವಿಧಿಗೆ ಕೊಡಲಿಲ್ಲ. ಹೀಗಾಗಿ ಹಳೆಯ ತೀರ್ಪುಗಳಲ್ಲೂ ಗ್ರಂಥಗಳಲ್ಲೂ ಇರುವ ಉಲ್ಲೇಖಗಳು ಇಂದಿಗೂ ದಾರಿ ತಪ್ಪುವುದಿಲ್ಲ. ಶಾಸನ ರಚಿಸುವವರು ಗಣಕಕ್ಕಿಂತ ಬಹಳ ಮೊದಲೇ ಈ ಸಮಸ್ಯೆಯನ್ನು ಅರಿತು, ಅಚ್ಚುಕಟ್ಟಾಗಿ ಬಗೆಹರಿಸಿದ್ದರು.

ಸಿಆರ್‌ಡಿಟಿ ಎಂಬ ಸಂಕ್ಷಿಪ್ತ ಹೆಸರಿನ, 2011ರಲ್ಲಿ ಖಚಿತ ವ್ಯಾಖ್ಯೆ ಪಡೆದ ದತ್ತಾಂಶ ರಚನೆಗಳು ಪಠ್ಯದ ಪ್ರತಿ ಸಂಕೇತಕ್ಕೂ ಇಂಥದ್ದೇ ಶಾಶ್ವತ ಗುರುತನ್ನು ಕೊಡುತ್ತವೆ. ಟಿಪ್ಪಣಿ “7ನೇ ಸಂಕೇತದಿಂದ” ಎನ್ನುವ ಬದಲು “ಇಂಥ ಗುರುತಿನ ಸಂಕೇತದಿಂದ” ಎಂದು ದಾಖಲಿಸುತ್ತದೆ. ಅಳಿಸಿದ ಸಂಕೇತ ಪರದೆಯಿಂದ ಮರೆಯಾದರೂ ಅದರ ಗುರುತು ಕಡತದ ಒಳಗೆ ಉಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ, ತಿದ್ದುಪಡಿಯ ಚರಿತ್ರೆಯ ಭಾರವನ್ನು ಕಡತವೇ ಹೊರುವುದು.

ಉದ್ಧರಣೆಯ ಸಾಕ್ಷ್ಯ

ಮೇಲಿನ ವಿಧಾನಗಳಿಗೆಲ್ಲ ಒಂದು ಷರತ್ತಿದೆ: ತಿದ್ದುವುದೂ ಟಿಪ್ಪಣಿ ಬರೆಯುವುದೂ ಒಂದೇ ವ್ಯವಸ್ಥೆಯಲ್ಲಿ ನಡೆಯಬೇಕು. ಜಾಲತಾಣದ ಪುಟಕ್ಕೆ ಓದುಗರು ಟಿಪ್ಪಣಿ ಬರೆದಾಗ ಆ ಪುಟ ಅವರ ಕೈಯಲ್ಲಿರುವುದಿಲ್ಲ. ಅದನ್ನು ಯಾವಾಗ, ಯಾರು, ಹೇಗೆ ಬದಲಿಸಿದರೆಂಬುದು ಟಿಪ್ಪಣಿಯ ತಂತ್ರಾಂಶಕ್ಕೆ ತಿಳಿಯದು. ಹಳೆಯ ನೆನಪು ಮತ್ತು ಹೊಸ ಪುಟ, ಇವೆರಡೇ ಅದರ ಬಳಿ ಇರುವುದು.

ಬರ್ಕ್ಲಿಯ ಫೆಲ್ಪ್ಸ್ ಮತ್ತು ವಿಲೆನ್ಸ್ಕಿ 2000ದಲ್ಲಿ ಇದಕ್ಕೊಂದು ಗಟ್ಟಿಯಾದ ಉಪಾಯ ಸೂಚಿಸಿದರು. ನೆಲೆಯನ್ನು ಒಂದೇ ಬಗೆಯಲ್ಲಿ ದಾಖಲಿಸದೆ ಹಲವು ಬಗೆಯಲ್ಲಿ ದಾಖಲಿಸಬೇಕು: ಆ ಭಾಗಕ್ಕೆ ವಿಶಿಷ್ಟ ಹೆಸರಿದ್ದರೆ ಹೆಸರು, ಪುಟದ ರಚನೆಯಲ್ಲಿ ಅಲ್ಲಿಗೆ ಹೋಗುವ ದಾರಿ, ಸುತ್ತಲಿನ ಪಠ್ಯ. ಒಂದು ಕೈಕೊಟ್ಟರೆ ಇನ್ನೊಂದು ದಾರಿ ತೋರುತ್ತದೆ. ವಿಶ್ವವ್ಯಾಪಿ ಜಾಲ ಒಕ್ಕೂಟ 2017ರ ಫೆಬ್ರವರಿ 23ರಂದು ಪ್ರಕಟಿಸಿದ ಜಾಲ ಟಿಪ್ಪಣಿ ಮಾನಕದಲ್ಲೂ ಇದೇ ಬಹುಸಾಕ್ಷ್ಯದ ತತ್ತ್ವಕ್ಕೆ ಎಡೆಯಿದೆ. ಅದರಲ್ಲಿ ಅತ್ಯಂತ ಉಪಯುಕ್ತವಾದದ್ದು ಉದ್ಧರಣೆಯ ವಿಧಾನ. ಗುರುತಿಸಿದ ಪದಗಳನ್ನೂ ಅವುಗಳ ಹಿಂದಿನ ಮತ್ತು ಮುಂದಿನ ತುಣುಕುಗಳನ್ನೂ ಟಿಪ್ಪಣಿ ಪ್ರತಿ ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಹೈಪಾಥಿಸಿಸ್ ಎಂಬ ಮುಕ್ತ ತಂತ್ರಾಂಶ ಹೀಗೆ ಹಿಂದೆ 32, ಮುಂದೆ 32 ಸಂಕೇತಗಳನ್ನು ಕಾಯ್ದಿಡುತ್ತದೆ. ಪುಟ ತೆರೆದಾಗ ಮೊದಲು ರಚನೆಯ ದಾರಿಯಲ್ಲಿ, ಆಮೇಲೆ ಎಣಿಕೆಯ ಸ್ಥಾನದಲ್ಲಿ ಹುಡುಕಿ, ಅಲ್ಲಿರುವ ಪದಗಳು ಉದ್ಧರಣೆಗೆ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತದೆ. ಹೊಂದದಿದ್ದರೆ ಇಡೀ ಪುಟದಲ್ಲಿ ಆ ಉದ್ಧರಣೆಗೆ ಹತ್ತಿರವಾದುದನ್ನು ಅರಸುತ್ತದೆ.

ಹೋಲಿಕೆಯ ಅಳತೆ

ಹತ್ತಿರ ಎಂದರೆ ಎಷ್ಟು ಹತ್ತಿರ? ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಕೊಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ. ಒಂದು ಪಠ್ಯವನ್ನು ಇನ್ನೊಂದಾಗಿ ಮಾಡಲು ಕನಿಷ್ಠ ಎಷ್ಟು ಸಂಕೇತಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಸಂಖ್ಯೆಯೇ ಅವೆರಡರ ಅಂತರ.

ಈ ಅಳತೆಯನ್ನು ನಮ್ಮ ವಾಕ್ಯಕ್ಕೆ ಹಚ್ಚಿ ನೋಡಬೇಕು. ಲೇಖಕರು “ಏರಿ ಒಡೆದು” ಎಂಬುದನ್ನು ಸಂಧಿ ಮಾಡಿ “ಏರಿಯೊಡೆದು” ಎಂದು ಬರೆದರೆ ಖಾಲಿ ಜಾಗ ಯಕಾರವಾಗುತ್ತದೆ, ಒಕಾರ ಒತ್ವವಾಗುತ್ತದೆ, ಅಂತರ 2. ಅದೇ ಅರ್ಥದಲ್ಲಿ “ಏರಿ ಬಿರಿದು” ಎಂದರೆ ಅಂತರ 4. “ಏರಿ ಒಡೆಯದೆ” ಎಂದು ತಿದ್ದಿದರೆ ಒಂದು ಯಕಾರ ಸೇರುತ್ತದೆ, ಕೊನೆಯ ಉಕಾರ ಎಕಾರವಾಗುತ್ತದೆ. ಅಂತರ ಮತ್ತೆ 2. ಅರ್ಥ ಮಾತ್ರ ತಲೆಕೆಳಗಾಗಿದೆ. ಅಳತೆಯ ಪ್ರಕಾರ ನಿಷೇಧವೂ ಸಂಧಿಯೂ ಒಂದೇ ದೂರದಲ್ಲಿವೆ. ಸಮಾನಾರ್ಥಕ ಪದ ಇವೆರಡಕ್ಕಿಂತ ದೂರ ನಿಂತಿದೆ. ಏರಿ ಒಡೆಯಲೇ ಇಲ್ಲ ಎಂದಾದ ಮೇಲೆ ಅದು ಒಡೆದ ವರ್ಷ ಯಾವುದು ಎಂಬ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ. ಆದರೂ ತಂತ್ರಾಂಶ ಟಿಪ್ಪಣಿಯನ್ನು ಅಲ್ಲೇ ನಿಶ್ಚಿಂತೆಯಿಂದ ನಿಲ್ಲಿಸುತ್ತದೆ.

ಅನಾಥ ಟಿಪ್ಪಣಿ

ಅಂತರ ಒಂದು ಮಿತಿಯನ್ನು ಮೀರಿದರೆ ನೆಲೆ ಸಿಗಲಿಲ್ಲವೆಂದು ತಂತ್ರಾಂಶ ಘೋಷಿಸಬೇಕು. ಹೀಗೆ ಉಳಿದದ್ದನ್ನು ಅನಾಥ ಟಿಪ್ಪಣಿ ಎನ್ನುತ್ತಾರೆ. ಮಿತಿಯನ್ನು ಸಡಿಲಿಸಿದರೆ ಅನಾಥಗಳು ಕಡಿಮೆಯಾಗುತ್ತವೆ, ತಪ್ಪು ಜಾಗಕ್ಕೆ ಅಂಟುವವು ಹೆಚ್ಚುತ್ತವೆ. ಬಿಗಿಗೊಳಿಸಿದರೆ ಇದರ ವಿರುದ್ಧ. ಇವೆರಡು ತಪ್ಪುಗಳು ಸಮಾನವಲ್ಲ. ಅನಾಥವಾದ ಟಿಪ್ಪಣಿಯನ್ನು ಓದುಗರು ಕಂಡು, ಕೈಯಾರೆ ಸರಿಯಾದ ಜಾಗಕ್ಕೆ ಸೇರಿಸಬಹುದು. ತಪ್ಪು ಸಾಲಿಗೆ ಅಂಟಿದ ಟಿಪ್ಪಣಿಯನ್ನು ಯಾರೂ ಅನುಮಾನಿಸುವುದಿಲ್ಲ. ಬರೆದವರು ಹೇಳದ ಮಾತನ್ನು ಅದು ಅವರ ಹೆಸರಿನಲ್ಲಿ ಹೇಳುತ್ತದೆ. ಕಾನೂನಿನ ಕರಡು, ವೈದ್ಯಕೀಯ ಬರಹ, ಗ್ರಂಥ ಸಂಪಾದನೆ ಇಂಥ ಕಡೆ ಮಿತಿ ಬಿಗಿಯಾಗಿರುವುದೇ ಕ್ಷೇಮ.

ಅನಾಥ ಟಿಪ್ಪಣಿಯನ್ನು ಅಳಿಸಿಹಾಕುವುದು ಅಕ್ಷಮ್ಯ. ಅದರೊಂದಿಗೆ ಹಳೆಯ ಉದ್ಧರಣೆಯನ್ನೂ ತೋರಿಸಿದರೆ ಯಾವ ಮಾತಿಗೆ ಯಾವ ಪ್ರಶ್ನೆ ಕೇಳಲಾಗಿತ್ತು ಎಂಬುದಾದರೂ ಉಳಿಯುತ್ತದೆ. ಹೈಪಾಥಿಸಿಸ್ ಇವುಗಳಿಗೆ ಪ್ರತ್ಯೇಕ ವಿಭಾಗವನ್ನೇ ಇಟ್ಟಿದೆ. ಮೈಕ್ರೋಸಾಫ್ಟ್‌ನ ಸಂಶೋಧಕರು 2001ರಲ್ಲಿ ಬಳಕೆದಾರರ ನಿರೀಕ್ಷೆಗಳನ್ನೇ ವಿಷಯವಾಗಿಸಿ ಎರಡು ಅಧ್ಯಯನಗಳನ್ನು ಪ್ರಕಟಿಸಿದರು. ಟಿಪ್ಪಣಿ ಕಳೆದುಹೋದಾಗ ಜನ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದು ಅವರು ಕೇಳಿದ ಪ್ರಶ್ನೆಗಳಲ್ಲೊಂದು.

ಕನ್ನಡ ಲಿಪಿಯ ತೊಡಕುಗಳು

ಕನ್ನಡದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಪದ ಗಣಕಕ್ಕೆ ಎರಡು ಬಗೆಯಾಗಿರಬಹುದು. “ನೀರು” ಎಂಬಲ್ಲಿ ಈತ್ವವನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿದೆ. ಆಗ ಪದ 4 ಸಂಕೇತದ್ದೋ 5 ಸಂಕೇತದ್ದೋ ಆಗುತ್ತದೆ. ಹುಡುಕುವ ಮೊದಲು ಎರಡೂ ಪಠ್ಯಗಳನ್ನು ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. “ರಾಜ್‌ಕುಮಾರ್” ಎಂಬಲ್ಲಿ ಜಕಾರಕ್ಕೆ ಒತ್ತಕ್ಷರ ಬೀಳದಂತೆ ತಡೆಯುವ ಅಗೋಚರ ಸಂಕೇತವೊಂದಿದೆ. ಕೆಲವು ತಂತ್ರಾಂಶಗಳು ಪ್ರತಿ ಮಾಡುವಾಗ ಅದನ್ನು ಉದುರಿಸಿಬಿಡುತ್ತವೆ. ಎಣಿಕೆ ಅಲ್ಲಿಂದ ಮುಂದೆ ಒಂದೊಂದು ತಪ್ಪುತ್ತದೆ.

ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳದ್ದು ಇನ್ನೂ ದೊಡ್ಡ ಸಮಸ್ಯೆ. ಯೂನಿಕೋಡ್‌ಗೆ ಹಿಂದಿನ ಅವುಗಳ ಫಾಂಟುಗಳಲ್ಲಿ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಇಡಲಾಗಿತ್ತು. ಯೂನಿಕೋಡ್‌ಗೆ ಪರಿವರ್ತಿಸಿದಾಗ ಸಂಕೇತಗಳ ಸಂಖ್ಯೆಯೂ ಕ್ರಮವೂ ಬದಲಾಗುವುದರಿಂದ ಎಣಿಕೆ ಆಧಾರಿತ ನೆಲೆ ಒಂದೂ ಉಳಿಯುವುದಿಲ್ಲ. ಪಠ್ಯವನ್ನಷ್ಟೇ ಪ್ರತಿ ಮಾಡಿ ಪರಿವರ್ತಕಕ್ಕೆ ಅಂಟಿಸಿದರಂತೂ ವರ್ಡ್ ಕಡತದ ಕಾಮೆಂಟುಗಳೆಲ್ಲ ಹಿಂದೆಯೇ ಉಳಿದುಬಿಡುತ್ತವೆ. ಪರಿವರ್ತನೆಗೆ ಮುನ್ನ ಅವನ್ನು ಉದ್ಧರಣೆ ಸಹಿತ ಬೇರೆ ಪಟ್ಟಿಯಾಗಿ ತೆಗೆದಿಟ್ಟುಕೊಳ್ಳುವುದು ಅಗತ್ಯ.

ಎಲ್ಲೆಲ್ಲಿ ಬಳಕೆ

ಪಿಡಿಎಫ್ ಕಡತದಲ್ಲಿ ಪುಟ ಸ್ಥಿರವಾದ್ದರಿಂದ ನೆಲೆಯನ್ನು ಪುಟದ ಮೇಲಿನ ಅಳತೆಯಾಗಿ, ಇಂಚಿನ 72ನೇ ಒಂದು ಭಾಗದ ಮಾನದಲ್ಲಿ ದಾಖಲಿಸುತ್ತಾರೆ. ಹೊಸ ಆವೃತ್ತಿಯ ಪಿಡಿಎಫ್ ಬಂದಾಗ ಆ ಅಳತೆ ನಿರುಪಯುಕ್ತ. ಇ-ಪುಸ್ತಕದಲ್ಲಿ ಅಕ್ಷರದ ಗಾತ್ರಕ್ಕೆ ತಕ್ಕಂತೆ ಪುಟವೇ ಬದಲಾಗುವುದರಿಂದ ಇಪಬ್ ಮಾನಕ ಕಡತದ ರಚನೆಯ ದಾರಿಯನ್ನು ಆಶ್ರಯಿಸುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಪಠ್ಯವನ್ನು ಸ್ವಯಂಸೇವಕರು ಹಲವು ಸುತ್ತು ತಿದ್ದುತ್ತಾರೆ. ಅಲ್ಲಿ ಪಠ್ಯದ ಪ್ರತಿ ಪುಟವೂ ಮೂಲ ಪುಸ್ತಕದ ಒಂದು ಸ್ಕ್ಯಾನ್ ಪುಟಕ್ಕೆ ಕಟ್ಟಿಕೊಂಡಿರುತ್ತದೆ. ಪಠ್ಯ ಎಷ್ಟು ಬದಲಾದರೂ ಚಿತ್ರ ಬದಲಾಗುವುದಿಲ್ಲವಾದ್ದರಿಂದ, “ಈ ಪದ ಮೂಲದಲ್ಲಿ ಹೀಗಿದೆಯೇ?” ಎಂಬ ಪ್ರಶ್ನೆಯನ್ನು ಯಾವ ಸುತ್ತಿನಲ್ಲಿ ಬೇಕಾದರೂ ಪುಟ ತೆರೆದು ಪರೀಕ್ಷಿಸಬಹುದು.