ಆಸ್ಪತ್ರೆ ಕಥೆಗಳು, ಭಾಗ 7: ತಲೆ ಆಪರೇಷನ್ನಿನ ಮೊದಲು, ಆಮೇಲೆ



ಹೋದ ವಾರದಿಂದ ಊರಿನ ಕಡೆಯಿಂದ ಬಂದ ಮೆಸೇಜುಗಳೆಲ್ಲ ಒಂದೇ ವಿಷಯದ್ದು. ನಮ್ಮ ಬಳಗದಲ್ಲೇ ಒಬ್ಬರಿಗೆ ಮಿದುಳಿನಲ್ಲಿ ಗಡ್ಡೆ ಅಂತ ಗೊತ್ತಾಗಿ, ಬೆಂಗಳೂರಿನಲ್ಲಿ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಹೆಸರು ಇಲ್ಲಿ ಬೇಡ, ಗೊತ್ತಿರುವವರಿಗೆ ಗೊತ್ತು. ಪ್ರಶ್ನೆಗಳು ಮಾತ್ರ ಎರಡೇ. "ತಲೆ ತೆರೆದರೆ ಬದುಕಿ ಬರ್ತಾರಾ?" "ಬಂದರೂ ಮೊದಲಿನ ಹಾಗೆ ಇರ್ತಾರಾ?"

ಅವರ ಸ್ಕ್ಯಾನ್ ನಾನು ನೋಡಿಲ್ಲ. ನೋಡಿದ್ದರೂ ಅದರ ಬಗ್ಗೆ ಮಾತಾಡಬೇಕಾದವರು ಅಲ್ಲಿನ ಡಾಕ್ಟರು, ಇಂಗ್ಲೆಂಡಿನ ವಾರ್ಡಿನಲ್ಲಿ ಕೂತ ನಾನಲ್ಲ. ಆದರೆ ಆಪರೇಷನ್ನಿನ ಮೊದಲು ಮತ್ತು ಆಮೇಲೆ ಅಲ್ಲಿ ಏನೇನು ಮಾಡ್ತಾರೆ, ಅದು ಯಾಕೆ, ಎಲ್ಲಿಂದ ಬಂತು ಅನ್ನೋದನ್ನು ಹೇಳಬಲ್ಲೆ. ಇದರ ಚರಿತ್ರೆ ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತೆ. ಗಡ್ಡೆ ತೆಗೆಯುವುದನ್ನು ಡಾಕ್ಟರುಗಳು ಬೇಗ ಕಲಿತರು. ರೋಗಿಯನ್ನು ಉಳಿಸಿ ಮನೆಗೆ ಕಳಿಸುವುದನ್ನು ಕಲಿಯಲು ಎಷ್ಟೋ ದಶಕ ಬೇಕಾಯಿತು. ಆ ಕಲಿಕೆಯ ಬಹುಪಾಲು ನಡೆದದ್ದು ಆಪರೇಷನ್ ಟೇಬಲ್ಲಿನ ಹೊರಗೆ.

1884: ಗಡ್ಡೆ ಬಂತು, ರೋಗಿ ಉಳಿಯಲಿಲ್ಲ

1884ರ ನವೆಂಬರ್ 25, ಲಂಡನ್. ರೀಜೆಂಟ್ಸ್ ಪಾರ್ಕ್ ಹತ್ತಿರದ ಫಿಟ್ಸ್ ಮತ್ತು ಲಕ್ವದ ಆಸ್ಪತ್ರೆ. ಸ್ಕಾಟ್ಲೆಂಡಿನ 25 ವರ್ಷದ ಒಬ್ಬ ರೈತ ಅಲ್ಲಿ ಮಲಗಿದ್ದ. ಮುಖದ ಎಡಭಾಗ ಸೆಳೆಯುತ್ತಿತ್ತು, ಎಡಗೈಯಲ್ಲಿ ಶಕ್ತಿ ಇರಲಿಲ್ಲ, ತಲೆನೋವು ವಿಪರೀತ. ಆಗ ಎಕ್ಸ್‌ರೇ ಕೂಡ ಇರಲಿಲ್ಲ, ಅದು ಬಂದದ್ದು 1895ರಲ್ಲಿ. ಡಾ. ಹ್ಯೂಸ್ ಬೆನೆಟ್ ಅವನ ಕೈಕಾಲಿನ ಲಕ್ಷಣ ನೋಡಿಯೇ, ಗಡ್ಡೆ ಮಿದುಳಿನ ಬಲಭಾಗದಲ್ಲಿ, ಕೈಯನ್ನು ಆಡಿಸುವ ಜಾಗದಲ್ಲಿದೆ ಅಂತ ಲೆಕ್ಕ ಹಾಕಿದರು. ಸರ್ಜನ್ ರಿಕ್‌ಮನ್ ಗಾಡ್ಲಿ ಅಲ್ಲೇ ತಲೆಬುರುಡೆ ತೆರೆದರು. ಹೇಳಿದ ಜಾಗದಲ್ಲೇ ಅಕ್ರೋಟಿನಷ್ಟು ದೊಡ್ಡ ಗಡ್ಡೆ ಸಿಕ್ಕಿತು.

ರೋಗಿ ಎಚ್ಚರಗೊಂಡ. ತಲೆನೋವು, ವಾಂತಿ ಕಡಿಮೆಯಾಯಿತು. ಆದರೆ ಗಾಯಕ್ಕೆ ಸೋಂಕು ತಗುಲಿ 28ನೇ ದಿನ ತೀರಿಕೊಂಡ. ಈ ಗಾಡ್ಲಿ ಯಾರು ಗೊತ್ತಾ? ಸೋಂಕು ತಡೆಯುವ ವಿಧಾನವನ್ನು ಜಗತ್ತಿಗೆ ಕಲಿಸಿದ ಜೋಸೆಫ್ ಲಿಸ್ಟರ್ ಅವರ ಸೋದರಳಿಯ! ಅಂಥವರ ಕೈಯಲ್ಲೂ ಹೀಗಾಯಿತು. ಅದಕ್ಕೂ 5 ವರ್ಷ ಮೊದಲು ಗ್ಲಾಸ್ಗೋದ ವಿಲಿಯಂ ಮೆಕ್ಯೂವನ್ ಒಬ್ಬ ಹುಡುಗಿಯ ಮಿದುಳಿನ ಹೊದಿಕೆಯ ಗಡ್ಡೆ ತೆಗೆದು ಉಳಿಸಿದ್ದರು. ಅಂಥ ಯಶಸ್ಸು ಆ ಕಾಲದಲ್ಲಿ ಅಪರೂಪ.

ಆಪರೇಷನ್ನಿಗೆ ಮೊದಲು ವಿಶೇಷ ಸೋಪಿನಲ್ಲಿ ತಲೆ ತೊಳೆಯಲು ಹೇಳಿದರೆ, ಆಮೇಲೆ "ಗಾಯ ಮುಟ್ಟಬೇಡಿ, ಹತ್ತು ಜನ ಒಟ್ಟಿಗೆ ಒಳಗೆ ಬರಬೇಡಿ" ಅಂತ ಸಿಸ್ಟರ್ ಗದರಿದರೆ ಬೇಸರ ಮಾಡಿಕೊಳ್ಳಬೇಡಿ. ಆ 28 ದಿನ ಕಲಿಸಿದ ಪಾಠ ಅದು.

ಒಂದು ಕಾಗದದ ಚಾರ್ಟು

ಮುಂದಿನ ದೊಡ್ಡ ಹೆಸರು ಅಮೆರಿಕದ ಹಾರ್ವಿ ಕುಶಿಂಗ್. ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಈಥರ್ ಕೊಡುತ್ತಿದ್ದ ಒಬ್ಬ ರೋಗಿ ಟೇಬಲ್ಲಿನ ಮೇಲೇ ಸತ್ತರು. ಅದು ಅವರನ್ನು ಬಿಡಲಿಲ್ಲ. 1894ರ ಹೊತ್ತಿಗೆ ಗೆಳೆಯ ಕಾಡ್‌ಮನ್ ಜೊತೆ ಸೇರಿ, ಆಪರೇಷನ್ ನಡೆಯುವಾಗ ನಾಡಿ ಮತ್ತು ಉಸಿರನ್ನು ಕೆಲವು ನಿಮಿಷಕ್ಕೊಮ್ಮೆ ಕಾಗದದ ಮೇಲೆ ಗುರುತು ಹಾಕತೊಡಗಿದರು. 1901ರಲ್ಲಿ ಇಟಲಿಗೆ ಹೋದಾಗ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆಯುವ ಸಾಧನ ನೋಡಿ, ಅದನ್ನು ಅಮೆರಿಕಕ್ಕೆ ತಂದು ಚಾರ್ಟಿಗೆ ಸೇರಿಸಿದರು.

ತಲೆಬುರುಡೆಯೊಳಗೆ ಒತ್ತಡ ಏರಿದರೆ ಬಿಪಿ ಮೇಲೆ ಹೋಗುತ್ತೆ, ನಾಡಿ ನಿಧಾನವಾಗುತ್ತೆ, ಉಸಿರಿನ ಲಯ ತಪ್ಪುತ್ತೆ ಅಂತ ಪ್ರಯೋಗ ಮಾಡಿ ತೋರಿಸಿದವರೂ ಅವರೇ. ಇವತ್ತಿಗೂ ಅದಕ್ಕೆ ಅವರ ಹೆಸರೇ ಇದೆ. ಆಮೇಲೆ ರಕ್ತನಾಳ ಹಿಡಿಯಲು ಬೆಳ್ಳಿಯ ಪುಟ್ಟ ಕ್ಲಿಪ್ಪು ತಂದರು. 1926ರಲ್ಲಿ ವಿಲಿಯಂ ಬೋವಿ ಜೊತೆ ಸೇರಿ ಕರೆಂಟಿನಿಂದ ರಕ್ತ ನಿಲ್ಲಿಸುವುದನ್ನು ಮಿದುಳಿನ ಆಪರೇಷನ್ನಿಗೆ ತಂದರು. ಮೊದಲು ರಕ್ತಸ್ರಾವದ ಭಯಕ್ಕೆ ಕೈಬಿಟ್ಟಿದ್ದ ಗಡ್ಡೆಗಳನ್ನು ಮತ್ತೆ ಕರೆಸಿ ತೆಗೆದರು. 1931ರ ಏಪ್ರಿಲ್‌ನಲ್ಲಿ ಅವರ 2000ನೇ ಗಡ್ಡೆಯ ಆಪರೇಷನ್ ನಡೆಯಿತು. ಮನೆಗೆ ಹೋದ ರೋಗಿಗಳನ್ನೂ ಮರೆಯದೆ, ವರ್ಷಗಟ್ಟಲೆ ಪತ್ರ ಬರೆದು ಹೇಗಿದ್ದೀರಿ ಅಂತ ವಿಚಾರಿಸುತ್ತಿದ್ದರು.

ಕುಶಿಂಗ್ ಶಿಷ್ಯರಾಗಿದ್ದು ಆಮೇಲೆ ಅವರೊಂದಿಗೆ ಮುನಿಸಿಕೊಂಡ ವಾಲ್ಟರ್ ಡ್ಯಾಂಡಿ ಇನ್ನೊಂದು ಕೆಲಸ ಮಾಡಿದರು. ನರ್ಸ್ ಆದ ನನಗೆ ಅದು ತುಂಬಾ ಹತ್ತಿರದ್ದು. 1923ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ತಲೆ ಆಪರೇಷನ್ ಆದವರಿಗೆಂದೇ ಮೂರು ಹಾಸಿಗೆಯ ಒಂದು ಕೋಣೆ ಮಾಡಿ, ಅದಕ್ಕೆ ವಿಶೇಷವಾಗಿ ತರಬೇತಾದ ನರ್ಸುಗಳನ್ನು ಹಾಕಿದರು. ಇವತ್ತಿನ ಐಸಿಯು ಮೂಲ ಹುಡುಕುವವರು ಆ ಮೂರು ಹಾಸಿಗೆಯ ತನಕ ಹೋಗ್ತಾರೆ. ನೀವು ಗಾಜಿನಾಚೆ ನಿಂತು ನೋಡುವ ವೈರು, ಟ್ಯೂಬು, ಪೀಂ ಪೀಂ ಸದ್ದು ಎಲ್ಲ ಆ ಕಾಗದದ ಚಾರ್ಟಿನ ಮೊಮ್ಮಕ್ಕಳು.

ಎಲ್ಲಿದೆ ಅಂತ ನೋಡಲು ಪಟ್ಟ ಪಾಡು

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಮಿದುಳು ಕಾಣಲ್ಲ. 1918ರಲ್ಲಿ ಇದೇ ಡ್ಯಾಂಡಿ, ಮಿದುಳಿನೊಳಗಿನ ನೀರಿನ ಕೋಣೆಗಳಿಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆದರು. ಮರುವರ್ಷ ಬೆನ್ನುಮೂಳೆಯ ಮೂಲಕ ಗಾಳಿ ಕಳಿಸುವ ದಾರಿ ತೋರಿಸಿದರು. ಕೋಣೆ ಒಂದು ಕಡೆ ಒತ್ತಿಕೊಂಡಿದ್ದರೆ ಪಕ್ಕದಲ್ಲಿ ಗಡ್ಡೆ ಇದೆ ಅಂತ ಊಹೆ. ಆ ಪರೀಕ್ಷೆ ಆದವರು ತಲೆನೋವು, ವಾಂತಿಯಲ್ಲಿ ದಿನಗಟ್ಟಲೆ ನರಳುತ್ತಿದ್ದರು. ಐವತ್ತು ವರ್ಷ ಹೆಚ್ಚುಕಡಿಮೆ ಹೀಗೇ ನಡೆಯಿತು.

ನಾಯಿ ಚಿತ್ರದ ಎಚ್‌ಎಂವಿ ಗ್ರಾಮಫೋನ್ ರೆಕಾರ್ಡು ನೆನಪಿದೆಯಲ್ಲ? ಆಗ ಅದರ ಒಡೆಯ ಕಂಪನಿ ಇಎಂಐ ಆಗಿತ್ತು. ಅಲ್ಲಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಮಾಡಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ತಲೆಯನ್ನು ಸ್ಕ್ಯಾನ್ ಮಾಡಿದರು. ಹಣೆಯ ಹಿಂದಿನ ಭಾಗದ ಗಡ್ಡೆ, ಒಂದು ಸೂಜಿಯೂ ಚುಚ್ಚದೆ ಚಿತ್ರದಲ್ಲಿ ಕಂಡಿತು. ಅದೇ ಮೊದಲ ಸಿಟಿ ಸ್ಕ್ಯಾನ್. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ಆಮೇಲೆ ಎಂಆರ್‌ಐ ಬಂದು ಇನ್ನೂ ಸೂಕ್ಷ್ಮವಾಗಿ ತೋರಿಸಿತು.

"ಒಂದು ಎಂಆರ್‌ಐ ಆಗಿದೆಯಲ್ಲ, ಹಿಂದಿನ ದಿನ ಮತ್ತೊಂದು ಯಾಕೆ, ದುಡ್ಡಿಗಾ?" ಅಂತ ಒಬ್ಬರು ಕೇಳಿದ್ದರು. ಎಷ್ಟೋ ಸಲ ಎರಡನೆಯದು ಸರ್ಜನ್‌ಗೆ ದಾರಿ ತೋರಿಸುವ ಮ್ಯಾಪು. ಸಣ್ಣ ಕಿಂಡಿಯಲ್ಲಿ, ಸರಿಯಾದ ಜಾಗಕ್ಕೆ ಹೋಗಲು ಅದು ಬೇಕು. ಅನುಮಾನ ಇದ್ದರೆ ಡಾಕ್ಟರನ್ನೇ ಕೇಳಿ, ತಪ್ಪಿಲ್ಲ.

ಊತ ಇಳಿಸಿದ ಮಾತ್ರೆ

ಗಡ್ಡೆಗಿಂತ ಅದರ ಸುತ್ತಲಿನ ಊತವೇ ಎಷ್ಟೋ ಜನರನ್ನು ಕೊಲ್ಲುತ್ತಿತ್ತು. ಬುರುಡೆ ಹಿಗ್ಗುವುದಿಲ್ಲ, ಮಿದುಳಿಗೆ ಹೋಗಲು ಜಾಗ ಇಲ್ಲ. 1961ರಲ್ಲಿ ಅಮೆರಿಕದ ಮಿನೆಸೋಟಾದ ಗ್ಯಾಲಿಸಿಚ್ ಮತ್ತು ಫ್ರೆಂಚ್ ಎಂಬ ಡಾಕ್ಟರುಗಳು, ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರೆ ಈ ಊತ ಇಳಿಯುತ್ತೆ ಅಂತ ಪ್ರಕಟಿಸಿದರು. ಮಂಪರಿನಲ್ಲಿದ್ದವರು ಒಂದೆರಡು ದಿನದಲ್ಲಿ ಕಣ್ಣು ಬಿಟ್ಟು ಮಾತಾಡತೊಡಗಿದರು. ಕೋವಿಡ್ ಸಮಯದಲ್ಲಿ ಹೆಸರು ಕೇಳಿದ್ದೀರಲ್ಲ, ಅದೇ ಔಷಧಿ.

ಈ ಮಾತ್ರೆ ಶುರುವಾದ ಮೇಲೆ ತಲೆನೋವು ಇಳಿದು, "ಗುಣ ಆಯ್ತು, ಆಪರೇಷನ್ನೇ ಬೇಡ" ಅನ್ನಿಸಬಹುದು. ಇಳಿದದ್ದು ಊತ, ಗಡ್ಡೆ ಅಲ್ಲೇ ಇದೆ. ಹಸಿವು ಜಾಸ್ತಿಯಾಗುತ್ತೆ, ನಿದ್ದೆ ಬರಲ್ಲ, ಸಿಟ್ಟು ಬರುತ್ತೆ, ಮುಖ ದಪ್ಪಗಾಗುತ್ತೆ, ಶುಗರ್ ಏರುತ್ತೆ. ಇದು ಅವರ ಸ್ವಭಾವ ಕೆಟ್ಟದ್ದಲ್ಲ, ಮಾತ್ರೆಯ ಆಟ. ಇಷ್ಟೆಲ್ಲ ಇದ್ದರೂ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಅದು ಅಪಾಯ. ಡಾಕ್ಟರು ಹೇಳಿದ ಹಾಗೆ ಹಂತಹಂತವಾಗಿ ಇಳಿಸಬೇಕು.

"ಇದು ಯಾವ ತಿಂಗಳು?"

ಆಪರೇಷನ್ ಆದ ರಾತ್ರಿ ನರ್ಸ್ ಗಂಟೆಗಂಟೆಗೂ ಬಂದು ಎಬ್ಬಿಸ್ತಾರೆ. ಕಣ್ಣಿಗೆ ಟಾರ್ಚ್ ಬಿಡ್ತಾರೆ. ಹೆಸರೇನು, ಎಲ್ಲಿದ್ದೀರಿ, ಯಾವ ತಿಂಗಳು, ನನ್ನ ಬೆರಳು ಹಿಡೀರಿ. ಮನೆಯವರಿಗೆ ಸಿಟ್ಟು ಬರುತ್ತೆ, ಪಾಪ, ಮಲಗೋಕೆ ಬಿಡಬಾರದಾ ಅಂತ. ಬಿಡುವ ಹಾಗಿಲ್ಲ. ಒಳಗೆ ರಕ್ತ ಸೋರಿದರೆ ಮೊದಲು ಕಾಣೋದು ಮಂಪರು. ಅದು ನಿದ್ದೆಯ ಹಾಗೇ ಇರುತ್ತೆ.

1974ರವರೆಗೆ ಇದನ್ನು ಒಬ್ಬೊಬ್ಬರು ಒಂದೊಂದು ಮಾತಿನಲ್ಲಿ ಬರೆಯುತ್ತಿದ್ದರು. ಒಬ್ಬರ "ಅರೆ ಎಚ್ಚರ" ಇನ್ನೊಬ್ಬರಿಗೆ "ಮಂಪರು". ಆ ವರ್ಷ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಇದಕ್ಕೊಂದು ಅಳತೆ ಕೊಟ್ಟರು. ಈಗಿನ ಲೆಕ್ಕದಲ್ಲಿ ಕಣ್ಣಿಗೆ 4, ಮಾತಿಗೆ 5, ಕೈಕಾಲಿಗೆ 6, ಒಟ್ಟು 15. ಅತಿ ಕಡಿಮೆ ಅಂದರೆ 3. ಸಂಜೆ 15 ಇದ್ದದ್ದು ರಾತ್ರಿ 13 ಆದರೆ ನಾವು ಬೆಳಗಾಗಲಿ ಅಂತ ಕಾಯೋದಿಲ್ಲ, ಡಾಕ್ಟರನ್ನು ಕರೆಯುತ್ತೇವೆ.

ಇಲ್ಲಿ ನಿಮ್ಮ ಕೆಲಸವೂ ಇದೆ. ರೋಗಿಗೆ ಯಾವ ಭಾಷೆ ಬರುತ್ತೆ, ಕಿವಿ ಮಂದವಾ, ಯಾವ ಕೈಯಲ್ಲಿ ಊಟ ಮಾಡ್ತಾರೆ, ಮೊದಲೇ ನೆನಪು ಕಮ್ಮಿಯಾ, ಇವನ್ನೆಲ್ಲ ಮುಂಚೆಯೇ ಹೇಳಿಬಿಡಿ. ಯಾವ ತಿಂಗಳು ಅಂದರೆ ನಮ್ಮೂರಿನ ಅಜ್ಜಿ "ಶ್ರಾವಣ" ಅಂತಾರೆ. ಅದು ಸರಿಯಾದ ಉತ್ತರ. ಆದರೆ ಕೇಳುವವರಿಗೆ ಶ್ರಾವಣ ಗೊತ್ತಿರಬೇಕಲ್ಲ!

ಮೊದಲಿನ ಹಾಗೆ ಇರ್ತಾರಾ?

ಈ ಪ್ರಶ್ನೆಗೆ ನನಗೆ ನೆನಪಾಗೋದು ಒಂದು ಅಡುಗೆಮನೆ. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ದೊಡ್ಡ ಸರ್ಜನ್ ಇದ್ದರು. ಮಿದುಳಿಗೆ ನೋವು ಗೊತ್ತಾಗಲ್ಲ, ಹಾಗಾಗಿ ಚರ್ಮಕ್ಕೆ ಮಾತ್ರ ಮರಗಟ್ಟುವ ಔಷಧಿ ಕೊಟ್ಟು, ರೋಗಿಯ ಜೊತೆ ಮಾತಾಡುತ್ತಲೇ ಆಪರೇಷನ್ ಮಾಡುವುದನ್ನು ಬೆಳೆಸಿದವರು. 1928ರ ಡಿಸೆಂಬರಿನಲ್ಲಿ ಅವರ ಟೇಬಲ್ ಮೇಲೆ ಬಂದದ್ದು ಅವರ ಸ್ವಂತ ಅಕ್ಕ ರುತ್. ಮಿದುಳಿನ ಬಲ ಮುಂಭಾಗದ ದೊಡ್ಡ ಪಾಲನ್ನು ತೆಗೆಯಬೇಕಾಯಿತು. ಆದರೂ ಗಡ್ಡೆ ಪೂರ್ತಿ ಬರಲಿಲ್ಲ.

ರುತ್ ಮನೆಗೆ ಹೋದರು. ಮಾತು, ನಗು, ಮಕ್ಕಳ ಮೇಲಿನ ಪ್ರೀತಿ ಎಲ್ಲ ಇತ್ತು. ಒಂದು ವರ್ಷದ ಮೇಲೆ ತಮ್ಮನೂ ಸೇರಿ ನಾಲ್ಕಾರು ಜನರನ್ನು ಊಟಕ್ಕೆ ಕರೆದರು. ಮುಂಚೆ ಅದು ಅವರಿಗೆ ಲೀಲಾಜಾಲ. ಆವತ್ತು ತಮ್ಮ ಬಂದು ನೋಡಿದರೆ ಅಡುಗೆಮನೆಯಲ್ಲಿ ಸಾಮಾನೆಲ್ಲ ಇದೆ, ಒಂದೆರಡು ಒಲೆ ಮೇಲೂ ಇದೆ, ಆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗದೆ ರುತ್ ಕಂಗಾಲಾಗಿ ನಿಂತಿದ್ದಾರೆ. ಪಕ್ಕದಲ್ಲಿ ನಿಂತು ಸ್ವಲ್ಪ ದಾರಿ ತೋರಿಸಿದಾಗ ಅಡುಗೆ ಆಯಿತು. ಗಡ್ಡೆ ಮತ್ತೆ ಬೆಳೆದಾಗ ಬಾಸ್ಟನ್ನಿನಲ್ಲಿ ಕುಶಿಂಗ್ ಅವರೇ ಆಪರೇಷನ್ ಮಾಡಿದರು. 1931ರಲ್ಲಿ ರುತ್ ತೀರಿಕೊಂಡರು. ತಮ್ಮ ಅದನ್ನು ಮುಚ್ಚಿಡದೆ, ಆ ಅಡುಗೆಮನೆಯ ವಿಷಯ ಸಮೇತ ವೈದ್ಯಕೀಯ ಲೇಖನವಾಗಿ ಬರೆದರು.

ಗಡ್ಡೆಗಳೆಲ್ಲ ಒಂದೇ ಅಲ್ಲ. ಮೆನಿಂಜಿಯೋಮಾ ಅಂಥವು ಬಹುಪಾಲು ಸಾಧು, ಕೆಲವು ಗ್ಲಿಯೋಮಾಗಳು ಹಠಮಾರಿ. ಪೂರ್ತಿ ಗೊತ್ತಾಗೋದು ಬಯಾಪ್ಸಿ ರಿಪೋರ್ಟ್ ಬಂದ ಮೇಲೆ, ಅದಕ್ಕೆ ಕೆಲವು ದಿನ ಬೇಕು. ಆದರೆ ರುತ್ ಕಥೆಯಿಂದ ಒಂದು ತಿಳಿದಿರಲಿ. ಕೈಕಾಲು ಚೆನ್ನಾಗಿ ಆಡಿದರೂ, ಕೆಲಸವನ್ನು ಸಾಲಾಗಿ ಜೋಡಿಸುವುದು, ತಟ್ಟನೆ ಮಾತು ಸಿಗುವುದು, ಗದ್ದಲ ತಡೆಯುವುದು ಕಷ್ಟ ಆಗಬಹುದು. "ಸೋಮಾರಿ ಆಗಿದ್ದಾಳೆ", "ಬೇಕಂತ ಮಾಡ್ತಾಳೆ" ಅನ್ನಬೇಡಿ. ಒಂದು ಚೀಟಿಯಲ್ಲಿ ಕೆಲಸ ಬರೆದುಕೊಡಿ, ಒಂದಾದ ಮೇಲೆ ಒಂದು. ಪಕ್ಕದಲ್ಲಿ ನಿಲ್ಲಿ. ತಿಂಗಳುಗಟ್ಟಲೆ ಸುಧಾರಣೆ ಆಗುತ್ತಲೇ ಇರುತ್ತೆ. ಎಷ್ಟು ಅಂತ ಮೊದಲ ವಾರದಲ್ಲಿ ಯಾರೂ ಹೇಳಲಾರರು.

ನಮ್ಮ ಕಡೆಗೆ ಬಂದ ದಾರಿ

ಅದೇ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಬಳಿ ಕಲಿತು ಬಂದ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ದೇಶದ ಮೊದಲ ನ್ಯೂರೋಸರ್ಜರಿ ವಿಭಾಗ ತೆರೆದರು. ಮರುವರ್ಷ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಶುರುಮಾಡಿದರು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್. ಎಂ. ವರ್ಮಾ ಈ ಕೆಲಸ ಕಟ್ಟಿದರು. ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ನಿಮ್ಹಾನ್ಸ್ ಅಂದ ಕೂಡಲೇ "ಹುಚ್ಚಾಸ್ಪತ್ರೆ" ಅಂತ ಪಿಸುಗುಟ್ಟುವ ನಮ್ಮೂರಿನವರು ಇದನ್ನು ಓದಲಿ. ಆ ಹೆಸರಿನ ಹೆದರಿಕೆಗೆ ತೋರಿಸುವುದನ್ನೇ ಮುಂದೂಡಿದರೆ ನಷ್ಟ ರೋಗಿಗೆ.

ಮನೆಗೆ ಬಂದ ಮೇಲೆ ಇದನ್ನು ಗೋಡೆಗೆ ಅಂಟಿಸಿಕೊಳ್ಳಿ

ಕಣ್ಣಿನ ಸುತ್ತ ಊದಿಕೊಳ್ಳೋದು, ಸುಸ್ತು, ಹೊಲಿಗೆಯ ಹತ್ತಿರ ಜೋಮು ಮಾಮೂಲು. ಕಣ್ಣಿನ ಊತ ಎರಡು ಮೂರನೇ ದಿನ ಜಾಸ್ತಿಯಾಗಿ ಇಳಿಯುತ್ತೆ. ನೋಡಿ ಗಾಬರಿಯಾಗಬೇಡಿ.

ಆದರೆ ಮಂಪರು ಹೆಚ್ಚುತ್ತಾ ಹೋದರೆ, ತಲೆನೋವು ಏರಿ ವಾಂತಿಯಾದರೆ, ಫಿಟ್ಸ್ ಬಂದರೆ, ಹೊಸದಾಗಿ ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ, ಜ್ವರ ಬಂದು ಕತ್ತು ಬಿಗಿದರೆ, ಗಾಯದಿಂದಲೋ ಮೂಗಿನಿಂದಲೋ ನೀರಿನಂಥದ್ದು ಸೋರಿದರೆ, ಒಂದೇ ಕಾಲು ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ, ಬೆಳಿಗ್ಗೆ ನೋಡೋಣ ಅನ್ನಬೇಡಿ. ಅದೇ ಗಳಿಗೆ ಹೊರಡಿ. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಡಾಕ್ಟರು ಹೇಳುವ ತನಕ ಬೈಕು, ಕಾರು, ಮರ ಹತ್ತೋದು, ಒಬ್ಬರೇ ಕೆರೆಗೆ ಇಳಿಯೋದು ಬೇಡ.

ಬದುಕಿ ಬರ್ತಾರಾ ಅಂತ ಕೇಳಿದಿರಿ. 1884ರ ಆ ರೈತನಿಗೆ ಇಲ್ಲದ ಸ್ಕ್ಯಾನು, ಮಾತ್ರೆ, ಚಾರ್ಟು, ಐಸಿಯು ಎಲ್ಲ ನಮ್ಮವರಿಗೆ ಇದೆ. ಅದು ಗ್ಯಾರಂಟಿ ಅಲ್ಲ, ಆದರೆ ಬಹಳ ದೊಡ್ಡ ವ್ಯತ್ಯಾಸ. ಉಳಿದ ಪಾಲು ಮನೆಯವರದ್ದು. ಆಪರೇಷನ್ ದಿನ ಆಸ್ಪತ್ರೆ ಬಾಗಿಲಲ್ಲಿ ಇಪ್ಪತ್ತು ಜನ ನಿಲ್ಲೋದಕ್ಕಿಂತ, ಮುಂದಿನ ಮೂರು ತಿಂಗಳು ದಿನಕ್ಕೊಬ್ಬರು ಅವರ ಮನೆಗೆ ಹೋಗಿ ಎರಡು ಗಂಟೆ ಕೂತರೆ ಹೆಚ್ಚು ಉಪಕಾರ. ಯಾರು ಯಾವ ವಾರ ಅಂತ ಕೆಳಗೆ ಬರೆದುಬಿಡಿ, ಅಕ್ಕ ಪಟ್ಟಿ ಮಾಡ್ತಾಳೆ.