ಜಾಬ್ ವರ್ಕ್ ಖಾತೆಯೊಳಗಿನ ಬಂಡವಾಳ: ಬಳ್ಳಾರಿ ಜೀನ್ಸ್ ಕುರಿತು ಒಂದು ಟಿಪ್ಪಣಿ

ಬೌದ್ಧಿಕ ಬಂಡವಾಳದ ಮೇಲೆ ನಮ್ಮ ವಾಣಿಜ್ಯ ವಿಭಾಗಗಳಿಂದ ಬರುವ ಪ್ರಬಂಧಗಳಲ್ಲಿ ಒಂದು ಸೂತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಂಟೆ ಪುಲಿಕ್ 1990ರ ದಶಕದಲ್ಲಿ ರೂಪಿಸಿದ ‘ವಿಎಐಸಿ’ (ಮೌಲ್ಯವರ್ಧಿತ ಬೌದ್ಧಿಕ ಗುಣಾಂಕ) ಎಂಬ ಸೂಚ್ಯಂಕ ಅದು. ಅದರ ಜನಪ್ರಿಯತೆಗೆ ಕಾರಣ ಸರಳ: ಪ್ರಕಟಿತ ಲೆಕ್ಕಪತ್ರ ಕೈಯಲ್ಲಿದ್ದರೆ ಸಾಕು, ಸಂಸ್ಥೆಯೊಳಗೆ ಕಾಲಿಡಬೇಕಾಗಿಲ್ಲ. ಹೀಗಾಗಿ ಬ್ಯಾಂಕು, ಔಷಧ, ಸಾಫ್ಟ್‌ವೇರ್ ಕಂಪನಿಗಳ ಮೇಲೆ ಅಧ್ಯಯನಗಳು ಹೇರಳವಾಗಿವೆ. ಬಳ್ಳಾರಿ ಜಿಲ್ಲೆಯಲ್ಲಿ ಇಂಥ ಅಧ್ಯಯನಕ್ಕೆ ಹೊರಟವರಿಗೆ ಮೊದಲು ಕಾಣುವುದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಅದರ ವಾರ್ಷಿಕ ವರದಿ ಕುಳಿತಲ್ಲೇ ಸಿಗುತ್ತದೆ. ಈ ಟಿಪ್ಪಣಿ ನೋಡುವುದು ಅದೇ ಜಿಲ್ಲೆಯ ಇನ್ನೊಂದು ಉದ್ಯಮವನ್ನು, ಜೀನ್ಸ್ ಹೊಲಿಗೆಯನ್ನು. ಅಲ್ಲಿಗೆ ಈ ಸೂತ್ರವನ್ನು ಒಯ್ದರೆ ಉತ್ತರ ತಲೆಕೆಳಗಾಗಿ ಬರುತ್ತದೆ. ಅದಕ್ಕೆ ಕಾರಣ ಲಾಭ-ನಷ್ಟ ಖಾತೆಯ ಒಂದೇ ಒಂದು ಸಾಲು: ‘ಜಾಬ್ ವರ್ಕ್ ಚಾರ್ಜಸ್’, ಅಂದರೆ ಹೊರಗಿನವರಿಂದ ಮಾಡಿಸಿದ ಕೆಲಸದ ಕೂಲಿ.

ಮೊದಲು ಈ ಹೊಲಿಗೆಯ ಕುಶಲತೆ ಎಲ್ಲಿಂದ ಬಂತು ಎನ್ನುವುದನ್ನು ನೋಡೋಣ. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿ ಸರ್ಕಾರದ ಕೈಸೇರಿತು; ಊರಿನಲ್ಲಿ ದಂಡು ನೆಲೆಯೂರಿತು. ಇಂದು ಕಂಟೋನ್ಮೆಂಟ್ ಎನ್ನುವುದು ಒಂದು ಬಡಾವಣೆಯ ಮತ್ತು ರೈಲು ನಿಲ್ದಾಣದ ಹೆಸರಾಗಿ ಉಳಿದಿದೆ, ಅಷ್ಟೆ. ಆದರೆ ಸೈನ್ಯವಿದ್ದಲ್ಲಿ ಸಮವಸ್ತ್ರ ಬೇಕು, ಸಮವಸ್ತ್ರಕ್ಕೆ ದರ್ಜಿಗಳು ಬೇಕು. ಮಹಾಯುದ್ಧಗಳ ಕಾಲದಲ್ಲಿ ಸೈನಿಕರ ಬಟ್ಟೆ ಹೊಲಿಯಲು ಮರಾಠಿ ಮಾತಾಡುವ ದರ್ಜಿ ಕುಟುಂಬಗಳು ಇಲ್ಲಿ ಬಂದು ನೆಲೆಸಿದವು, ದಂಡು ಕರಗಿದ ಮೇಲೆ ಶಾಲಾ ಸಮವಸ್ತ್ರ ಹಿಡಿದವು, 1970–80ರ ದಶಕಗಳಲ್ಲಿ ಜೀನ್ಸ್‌ಗೆ ಹೊರಳಿದವು ಎಂಬುದು ಈ ಉದ್ಯಮದವರೇ ಹೇಳಿಕೊಂಡು ಬಂದಿರುವ ಚರಿತ್ರೆ. ದಪ್ಪ ಬಟ್ಟೆಗೆ ಗಟ್ಟಿ ಹೊಲಿಗೆ ಹಾಕುವ ಕೈ ಖಾಕಿಯಿಂದ ಡೆನಿಮ್‌ಗೆ ದಾಟಿತು ಎಂದು ಓದಿಕೊಂಡರೆ ಈ ಚರಿತ್ರೆ ಒಪ್ಪುವಂತಿದೆ. ಹೊಲಿಗೆ ಮನೆಗಳು ದಂಡಿನ ಪೇಟೆಯಾಗಿದ್ದ ಕೌಲ್ ಬಜಾರಿನಲ್ಲೂ ಅದರ ಆಚೆಗೂ ಹರಡಿವೆ. ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಅಪಾರೆಲ್ ಪಾರ್ಕ್ ಬಂದಿದೆ.

ಒಂದು ಪ್ಯಾಂಟು ಎಷ್ಟು ಕೈ ದಾಟುತ್ತದೆ ನೋಡಿ. ಡೆನಿಮ್ ರೋಲುಗಳು ಹೊರರಾಜ್ಯದ ಮಿಲ್ಲುಗಳಿಂದ ಬರುತ್ತವೆ. ಮಾಲೀಕರ ಜಾಗದಲ್ಲಿ ಕಟಿಂಗ್. ಹೊಲಿಗೆ ಬೇರೆ ಮನೆಯಲ್ಲಿ, ಪೀಸ್ ಲೆಕ್ಕದಲ್ಲಿ. ವಾಷಿಂಗ್ ಮತ್ತೊಂದು ಘಟಕದಲ್ಲಿ. ಗುಂಡಿ, ರಿವೆಟ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್ ಮತ್ತೆ ಬೇರೆಯವರದು. ಇದರಲ್ಲಿ ಹೆಂಗಸರ ದುಡಿಮೆ ಹೆಚ್ಚು. ಇಷ್ಟರಲ್ಲಿ ‘ಬೌದ್ಧಿಕ’ ಎನ್ನುವಂಥದ್ದು ಎಲ್ಲಿದೆ ಎಂದು ಕೇಳುವವರು ಕಟಿಂಗ್ ಟೇಬಲ್ ಹತ್ತಿರ ನಿಲ್ಲಬೇಕು. ಡೆನಿಮ್ ತೊಳೆದ ಮೇಲೆ ಕುಗ್ಗುತ್ತದೆ. ಒಂದು ರೋಲು ಉದ್ದಕ್ಕೆ ಶೇ. 3ರಷ್ಟು ಕುಗ್ಗುವುದಾದರೆ, 31 ಇಂಚಿನ ಒಳಗಾಲು ಬೇಕಾದಾಗ 32 ಇಂಚಿಗೆ ಕತ್ತರಿಸಬೇಕು. ಸ್ಟ್ರೆಚ್ ಬಟ್ಟೆಯಾದರೆ ಅಡ್ಡಕ್ಕೆ ಕುಗ್ಗುವುದು ಇದಕ್ಕಿಂತ ಬಹಳ ಹೆಚ್ಚು, ಸೊಂಟದ ಅಳತೆಯೇ ಕೆಟ್ಟುಹೋಗುತ್ತದೆ. ಒಂದೇ ಮಿಲ್ಲಿನ ಒಂದೇ ಲಾಟಿನ ರೋಲುಗಳೂ ಒಂದೇ ತರ ಕುಗ್ಗುವುದಿಲ್ಲ. ಹಾಗಾಗಿ ರೋಲಿನಿಂದ ತುಂಡು ಕತ್ತರಿಸಿ, ಅಳತೆಯ ಚೌಕ ಗುರುತಿಸಿ, ತೊಳೆಸಿ, ಒಣಗಿಸಿ, ಮತ್ತೆ ಅಳೆದು, ಒಂದೇ ತೆರನಾದ ರೋಲುಗಳನ್ನು ಗುಂಪು ಮಾಡಿ, ಆ ಗುಂಪಿಗೆ ತಕ್ಕಂತೆ ಪ್ಯಾಟರ್ನ್ ತಿದ್ದಬೇಕು. ಆಮೇಲೆ ಒಂದರ ಮೇಲೊಂದು ಪದರ ಹಾಸಿ, ಮೇಲಿನ ಪದರಕ್ಕೆ ಮಾರ್ಕಿಂಗ್ ಇಟ್ಟು, ಮಷೀನಿನಿಂದ ಒಟ್ಟಿಗೆ ಕತ್ತರಿಸುತ್ತಾರೆ. ತಪ್ಪಿದರೆ ಇಡೀ ಅಟ್ಟಿಯೇ ತಪ್ಪು. ರೋಲಿನ ಅಂಚು ಕೈಗೆ ಸಿಕ್ಕಾಗಲೇ ಹೆಚ್ಚುಕಡಿಮೆ ಇಷ್ಟು ಕುಗ್ಗೀತೆಂದು ಅಂದಾಜು ಹೇಳಬಲ್ಲ ಕಟಿಂಗ್ ಮಾಸ್ಟರನ ಬೆಲೆ ಆಗ ತಿಳಿಯುತ್ತದೆ.

ಈ ಬೆಲೆ ಪುಸ್ತಕಕ್ಕೆ ಏಕೆ ಏರುವುದಿಲ್ಲ? ಅಮೂರ್ತ ಆಸ್ತಿಗಳ ಕುರಿತ ನಮ್ಮ ಲೆಕ್ಕಪತ್ರ ಮಾನಕ 26 ಸ್ಪಷ್ಟವಾಗಿದೆ: ಆಸ್ತಿ ಎನಿಸಿಕೊಳ್ಳಲು ಅದರಿಂದ ಬರುವ ಲಾಭದ ಮೇಲೆ ಸಂಸ್ಥೆಗೆ ಹಿಡಿತವಿರಬೇಕು. ನುರಿತ ಕೆಲಸಗಾರ ನಾಳೆ ಪಕ್ಕದ ಘಟಕಕ್ಕೆ ಹೋಗಬಹುದು, ಆದ್ದರಿಂದ ಹಿಡಿತವಿಲ್ಲ. ತರಬೇತಿಗೆ ಮಾಡಿದ ವೆಚ್ಚ ಆಯಾ ವರ್ಷದ ಖರ್ಚು. ಸ್ವಂತವಾಗಿ ಬೆಳೆಸಿಕೊಂಡ ಬ್ರ್ಯಾಂಡಿನ ಹೆಸರು, ಗ್ರಾಹಕರ ಪಟ್ಟಿ ಇವಕ್ಕೂ ಬ್ಯಾಲೆನ್ಸ್ ಶೀಟಿನಲ್ಲಿ ಜಾಗವಿಲ್ಲ. ಈ ಎಚ್ಚರಿಕೆಯನ್ನು ನಾನು ತಪ್ಪೆನ್ನಲಾರೆ. ಇದಿಲ್ಲದಿದ್ದರೆ ಪ್ರತಿಯೊಬ್ಬ ಮಾಲೀಕನೂ ತನ್ನ ಹೆಸರಿಗೆ ತಾನೇ ಬೆಲೆ ಕಟ್ಟಿಕೊಂಡಾನು.

ಬ್ಯಾಲೆನ್ಸ್ ಶೀಟಿನ ಹೊರಗೆ ಅಳೆಯುವ ಪ್ರಯತ್ನಗಳು ನಮ್ಮ ದೇಶದಲ್ಲೇ ನಡೆದಿವೆ. ಬರೂಕ್ ಲೆವ್ ಮತ್ತು ಅಬಾ ಶ್ವಾರ್ಟ್ಜ್ 1971ರಲ್ಲಿ ಮುಂದಿಟ್ಟ ಮಾದರಿಯಲ್ಲಿ ನೌಕರನ ವಯಸ್ಸು, ಸಂಬಳ ಹಿಡಿದು ನಿವೃತ್ತಿಯವರೆಗಿನ ಗಳಿಕೆಯ ಇಂದಿನ ಮೌಲ್ಯ ಕಟ್ಟುತ್ತಾರೆ. ಬಿಎಚ್‌ಇಎಲ್ 1970ರ ದಶಕದಲ್ಲಿ ಇದನ್ನು ಬಳಸಿತು. ಇನ್ಫೋಸಿಸ್ ತನ್ನ ವಾರ್ಷಿಕ ವರದಿಗಳಲ್ಲಿ ಹಲವು ವರ್ಷ ಇದರ ಜೊತೆಗೆ ಕಾರ್ಲ್-ಎರಿಕ್ ಸ್ವೈಬಿ ಮಾದರಿಯ ಅಮೂರ್ತ ಆಸ್ತಿಗಳ ಪಟ್ಟಿಯನ್ನೂ ಪ್ರಕಟಿಸಿತು. ಎರಡಕ್ಕೂ ಬೇಕಾದದ್ದು ನೌಕರರ ಪಟ್ಟಿ. ಪೀಸ್ ರೇಟಿನ ದರ್ಜಿಗೆ ಅಂಥ ಪಟ್ಟಿಯಲ್ಲಿ ಹೆಸರೂ ಇಲ್ಲ, ನಿವೃತ್ತಿಯೂ ಇಲ್ಲ. ಸ್ವೀಡನ್ನಿನ ಸ್ಕಾಂಡಿಯಾ ಕಂಪನಿಯಲ್ಲಿ ಲೀಫ್ ಎಡ್ವಿನ್ಸನ್ ಬೆಳೆಸಿದ ವಿಂಗಡಣೆಯಂತೆ, ಸಂಜೆ ನೌಕರರು ಮನೆಗೆ ಹೋದ ಮೇಲೂ ಸಂಸ್ಥೆಯಲ್ಲಿ ಉಳಿಯುವುದು ರಚನಾ ಬಂಡವಾಳ. ಬಳ್ಳಾರಿಯಲ್ಲಿ ಕೆಲಸವೇ ಮನೆಗೆ ಹೋಗುತ್ತದೆ.

ಈಗ ಪುಲಿಕ್ ಸೂತ್ರ. ಮಾರಾಟದಿಂದ ಹೊರಗಿನ ಖರೀದಿಗಳನ್ನು ಕಳೆದರೆ ಮೌಲ್ಯವರ್ಧನೆ. ಅದನ್ನು ಸಂಬಳ-ಕೂಲಿಯ ಮೊತ್ತದಿಂದ ಭಾಗಿಸಿದರೆ ಮಾನವ ಬಂಡವಾಳದ ದಕ್ಷತೆ. ಮೌಲ್ಯವರ್ಧನೆಯಲ್ಲಿ ಸಂಬಳ ಕಳೆದು ಉಳಿದದ್ದರ ಪಾಲು ರಚನಾ ಬಂಡವಾಳದ ದಕ್ಷತೆ. ವಿವರಣೆಗಾಗಿ ಒಂದು ಕಲ್ಪಿತ ಘಟಕ ತೆಗೆದುಕೊಳ್ಳೋಣ: ಮಾರಾಟ 100, ಬಟ್ಟೆ ಮತ್ತಿತರ ಸಾಮಗ್ರಿ 60, ಜಾಬ್ ವರ್ಕ್ 22, ಸ್ವಂತ ನೌಕರರ ಸಂಬಳ 6. ಉಳಿಕೆ 12. ಜಾಬ್ ವರ್ಕನ್ನು ಖರೀದಿ ಎಂದು ಕಳೆದರೆ ಮೌಲ್ಯವರ್ಧನೆ 18, ಮಾನವ ದಕ್ಷತೆ 3.0, ರಚನಾ ದಕ್ಷತೆ 0.67. ಅದೇ 22ನ್ನು ಕೂಲಿ ಎಂದು ಎಣಿಸಿದರೆ ಮೌಲ್ಯವರ್ಧನೆ 40, ಮಾನವ ವೆಚ್ಚ 28, ದಕ್ಷತೆ 1.43ಕ್ಕೆ ಇಳಿಯುತ್ತದೆ, ರಚನಾ ದಕ್ಷತೆ 0.30ಕ್ಕೆ. ಬಟ್ಟೆ ಅದೇ, ದರ್ಜಿಗಳು ಅವರೇ, ಉಳಿಕೆಯೂ ಅದೇ 12. ಕುಶಲತೆಯನ್ನು ಪುಸ್ತಕದಿಂದ ಎಷ್ಟು ಹೊರಗೆ ತಳ್ಳಿದರೆ ಘಟಕ ಅಷ್ಟು ‘ಬುದ್ಧಿವಂತ’ ಎಂದು ಸೂತ್ರ ಹೇಳುತ್ತದೆ! ಈ ಸೂಚ್ಯಂಕ ಅಳೆಯುವುದು ಬೌದ್ಧಿಕ ಬಂಡವಾಳವನ್ನಲ್ಲ, ಶ್ರಮ ಮತ್ತು ಬಂಡವಾಳ ಹೂಡಿಕೆಯ ದಕ್ಷತೆಯನ್ನು ಎಂದು ಸ್ಟಾಲೆ ಮತ್ತು ಸಂಗಡಿಗರು 2011ರಲ್ಲೇ ಆಕ್ಷೇಪಿಸಿದ್ದರು. ಬಳ್ಳಾರಿಯ ಉದಾಹರಣೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಇಲ್ಲಿ ಶ್ರಮದ ದಕ್ಷತೆಯೂ ಸರಿಯಾಗಿ ಸಿಗುವುದಿಲ್ಲ, ಸಿಗುವುದು ಲೆಕ್ಕ ಬರೆದ ರೀತಿ ಮಾತ್ರ. ಗುತ್ತಿಗೆ ಕಾರ್ಮಿಕರನ್ನು ಹೆಚ್ಚು ಬಳಸುವ ದೊಡ್ಡ ಕಂಪನಿಗಳ ಮೇಲಿನ ಅಧ್ಯಯನಗಳನ್ನೂ ಈ ಕಣ್ಣಿನಿಂದ ಮರುಪರಿಶೀಲಿಸಬೇಕಾಗುತ್ತದೆ.

ಹಾಗಾದರೆ ಈ ಕುಶಲತೆಯ ದಾಖಲೆ ಎಲ್ಲಿ ಹುಡುಕಬೇಕು? ಕಂಪನಿ ಕಾಯ್ದೆಯ ಮೂರನೇ ಅನುಸೂಚಿಯಂತೆ ನೌಕರರ ವೆಚ್ಚವನ್ನು ಬೇರೆ ತೋರಿಸಬೇಕೆಂಬ ನಿಯಮ ಏಕವ್ಯಕ್ತಿ ಒಡೆತನದ ಘಟಕಕ್ಕೆ ಅನ್ವಯಿಸುವುದಿಲ್ಲ. ಆದಾಯ ತೆರಿಗೆ ಕಾಯ್ದೆಯ ಅಂದಾಜು ಲಾಭದ ನಿಯಮದಡಿ 2 ಕೋಟಿ ರೂಪಾಯಿವರೆಗಿನ (ನಗದು ವಹಿವಾಟು ತೀರಾ ಕಡಿಮೆಯಿದ್ದರೆ 3 ಕೋಟಿ) ವ್ಯವಹಾರಕ್ಕೆ ಶೇ. 8 ಅಥವಾ 6 ಲಾಭ ತೋರಿಸಿದರೆ ಪೂರ್ಣ ಪುಸ್ತಕವೇ ಬೇಡ. ಉಪಯುಕ್ತವಾದದ್ದು ಜಿಎಸ್‌ಟಿಯ ಜಾಬ್ ವರ್ಕ್ ಚಲನ್ ಮತ್ತು ಐಟಿಸಿ-04 ನಮೂನೆ. ಮಾಲು ಯಾವ ಕೆಲಸಕ್ಕೆ ಹೋಯಿತು, ಎಷ್ಟು ಹೋಯಿತು, ಎಷ್ಟು ಮರಳಿತು ಎಂಬುದು ಅಲ್ಲಿದೆ. ಮಾಲೀಕರ ಒಪ್ಪಿಗೆಯಿಂದ ಈ ಕಾಗದಗಳನ್ನು ಓದಿದರೆ, ಯಾವ ಕೆಲಸ ವರ್ಷವರ್ಷವೂ ಅದೇ ಕೈಗೆ ಮರಳಿ ಹೋಗುತ್ತಿದೆ ಎಂಬುದನ್ನು ಗುರುತಿಸಬಹುದು. ಸಂಸ್ಥೆ ಮತ್ತು ಹೊರಗಿನವರ ನಡುವಿನ ಸಂಬಂಧದ ಬಂಡವಾಳಕ್ಕೆ ಇದಕ್ಕಿಂತ ಪ್ರಾಮಾಣಿಕ ಅಳತೆ ನನಗೆ ಹೊಳೆಯುವುದಿಲ್ಲ.

ಕುಶಲತೆ ಪುಸ್ತಕಕ್ಕೆ ಏರದಿರುವುದರ ಪರಿಣಾಮ ಸಾಲದ ವಿಷಯದಲ್ಲಿ ನೇರ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತದ ದಾಸ್ತಾನು, ಯಂತ್ರ ಬ್ಯಾಂಕಿನವರ ಕಣ್ಣೆದುರಿಗಿರುತ್ತವೆ. ಜೀನ್ಸ್ ಮಾಲೀಕನ ಮುಖ್ಯ ಆಸ್ತಿ ಬೇರೆಯವರ ಕೈಯಲ್ಲಿ, ಬೇರೆಯವರ ಮನೆಯಲ್ಲಿರುತ್ತದೆ. ಅಂದಾಜು ವಹಿವಾಟಿನ ಶೇ. 20ರಷ್ಟನ್ನು ದುಡಿಯುವ ಬಂಡವಾಳವಾಗಿ ಕೊಡುವ, ಸಣ್ಣ ಉದ್ಯಮಗಳ ಸಾಲದ ಕುರಿತ ನಾಯಕ್ ಸಮಿತಿಯ ಸೂತ್ರ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ, ಪೂರ್ತಿಯಾಗಿ ಅಲ್ಲ. ಭೌಗೋಳಿಕ ಸೂಚಕ ಪಡೆದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವೂ ಇದೆ. ಇದೇ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಆ ನೋಂದಣಿ ಸಿಕ್ಕಿದೆ, ಅದರಿಂದ ಹೆಸರಿಗೆ ರಕ್ಷಣೆಯೂ ಸಿಕ್ಕಿದೆ. ಆದರೆ 1999ರ ಕಾಯ್ದೆಯ 24ನೇ ಕಲಮಿನಂತೆ ಆ ಹಕ್ಕನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಸಮುದಾಯದ ಜ್ಞಾನಕ್ಕೆ ಅದು ಸರಿಯಾದ ಕಾನೂನೇ; ಯಾವೊಬ್ಬ ಮಾಲೀಕನ ಬ್ಯಾಲೆನ್ಸ್ ಶೀಟಿಗೂ ಅದರಿಂದ ಒಂದು ರೂಪಾಯಿ ಸೇರುವುದಿಲ್ಲ.

2024ರಲ್ಲಿ ಮಾಲಿನ್ಯದ ಕಾರಣಕ್ಕೆ ಬಳ್ಳಾರಿಯ ವಾಷಿಂಗ್ ಘಟಕಗಳನ್ನು ಮುಚ್ಚಲು ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶಿಸಿದಾಗ ಈ ಬಂಡವಾಳದ ಸ್ವರೂಪ ಒಮ್ಮೆಗೇ ಬಯಲಾಯಿತು. ತೊಳೆಯದ ಜೀನ್ಸ್ ಮಾರುಕಟ್ಟೆಗೆ ಹೋಗುವುದಿಲ್ಲ. ವಾಷಿಂಗ್ ನಿಂತರೆ ಕಟಿಂಗ್ ಮಾಸ್ಟರನ ಅಂದಾಜಿಗೂ ದರ್ಜಿಯ ಕೈಗೂ ಕೆಲಸವಿಲ್ಲ. ಮಂಡಳಿಯ ಆಕ್ಷೇಪ ನ್ಯಾಯವಾದದ್ದೇ; ಬಣ್ಣದ ನೀರನ್ನು ಶುದ್ಧ ಮಾಡದೆ ಹರಿಯಬಿಡುವುದನ್ನು ಯಾವ ಉದ್ಯೋಗದ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ಇಂಥ ನಿಲುಗಡೆಯ ನಷ್ಟ ಲೆಕ್ಕ ಹಾಕುವಾಗ ಮುಚ್ಚಿದ ಘಟಕಗಳ ಯಂತ್ರಗಳ ಬೆಲೆಯನ್ನಷ್ಟೇ ಹಿಡಿದರೆ ಸಾಲದು. ವಾಷಿಂಗ್ ಘಟಕಗಳಿಗೆಲ್ಲ ಸೇರಿ ಒಂದು ಸಾಮೂಹಿಕ ಶುದ್ಧೀಕರಣ ಘಟಕ ಕಟ್ಟಲು ಯೋಜನಾ ವರದಿ ಬರೆಯುವವರು, ವಾಷಿಂಗ್ ನಿಂತ ದಿನಗಳಲ್ಲಿ ಮನೆ ಹೊಲಿಗೆಯವರು ಕಳೆದುಕೊಂಡ ಪೀಸ್ ಕೂಲಿಯನ್ನು ಆ ಘಟಕದಿಂದ ಉಳಿಯುವ ಲಾಭದ ಕಡೆಗೆ ಸೇರಿಸಬೇಕು; ಅದಕ್ಕೆ ಬೇಕಾದ ಪೀಸುಗಳ ಲೆಕ್ಕ ಅದೇ ಜಾಬ್ ವರ್ಕ್ ಚಲನ್‌ಗಳಲ್ಲಿ ಸಿಗುತ್ತದೆ.